ಒಂಟಿ ಪಲ್ಸಾರ್ ಹುಡುಕಿ, ಅದರ ಸುತ್ತುಗಳನ್ನು ಎಣಿಸುವ ಬಗೆ

ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಂದಲೂ ಹವ್ಯಾಸಿ ಆಕಾಶವೀಕ್ಷಕರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ರೇಡಿಯೊ ದೂರದರ್ಶಕದ ಸಮೀಕ್ಷೆಗಳ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತದೆಯಲ್ಲ, ಅದರಲ್ಲಿ ಪಲ್ಸಾರ್ ಹುಡುಕುವುದು ಹೇಗೆ, ಸಿಕ್ಕಿದ ಮೇಲೆ ಮುಂದೇನು ಮಾಡಬೇಕು? ಪ್ರಶ್ನೆಯ ಮೊದಲರ್ಧಕ್ಕೆ ಉತ್ತರಿಸುವ ಪಾಠಗಳು ಸಾಕಷ್ಟಿವೆ. ಎರಡನೆಯ ಅರ್ಧವನ್ನು ಬಹಳ ಮಂದಿ ಅಲಕ್ಷಿಸುತ್ತಾರೆ. ಪರದೆಯ ಮೇಲೆ ಒಂದು ಚೆಂದದ ಮಿಡಿತ ಕಂಡ ದಿನ ನಿಮಗೆ ತಿಳಿದಿರುವುದು ಅಂದಾಜು ಅವಧಿ ಮತ್ತು ಅಂದಾಜು ದಿಕ್ಕು ಮಾತ್ರ. ಆ ನಕ್ಷತ್ರದ ನಿಖರ ಸ್ಥಾನ, ಅದು ನಿಧಾನವಾಗುತ್ತಿರುವ ದರ, ವಯಸ್ಸು, ಕಾಂತಕ್ಷೇತ್ರ ಇವೆಲ್ಲ ತಿಳಿಯಬೇಕಾದರೆ ಸುಮಾರು ಒಂದು ವರ್ಷ ಕಾಲ ಅದರ ಒಂದು ಸುತ್ತೂ ಲೆಕ್ಕ ತಪ್ಪದಂತೆ ಎಣಿಸಬೇಕು. ಈ ಲೇಖನದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪಲ್ಸಾರ್ ಎಂದರೆ ವೇಗವಾಗಿ ತಿರುಗುವ, ಬಲವಾದ ಕಾಂತಕ್ಷೇತ್ರವುಳ್ಳ ನ್ಯೂಟ್ರಾನ್ ನಕ್ಷತ್ರ. ಅದರ ರೇಡಿಯೊ ಕಿರಣಪುಂಜ ಪ್ರತಿ ಸುತ್ತಿಗೊಮ್ಮೆ ನಮ್ಮ ಕಡೆ ಹಾಯ್ದಾಗ ಒಂದು ಮಿಡಿತ ದಾಖಲಾಗುತ್ತದೆ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸಲಿನ್ ಬೆಲ್ ಗುರುತಿಸಿದ ಮೊದಲ ಪಲ್ಸಾರ್‌ನ ಅವಧಿ 1.337 ಸೆಕೆಂಡ್. ಈಗ ಮೂರೂವರೆ ಸಾವಿರಕ್ಕೂ ಹೆಚ್ಚು ಪಲ್ಸಾರ್‌ಗಳು ತಿಳಿದಿದ್ದು, ಅವುಗಳಲ್ಲಿ ಹೆಚ್ಚಿನವು ಒಂಟಿ, ಅಂದರೆ ಜೊತೆಗಾರ ನಕ್ಷತ್ರವಿಲ್ಲದವು. ಹೊಸಬರು ಒಂಟಿ ಪಲ್ಸಾರ್‌ಗಳಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಜೋಡಿ ಪಲ್ಸಾರ್‌ನಲ್ಲಿ ಕಕ್ಷೆಯ ಚಲನೆಯೂ ಸೇರಿ ಅಪರಿಚಿತ ರಾಶಿಗಳು ಒಮ್ಮೆಲೇ ಹೆಚ್ಚುತ್ತವೆ, ಯಾವ ತಪ್ಪು ಎಲ್ಲಿಂದ ಬಂತೆಂದು ಕಲಿಯುವವರಿಗೆ ತಿಳಿಯುವುದಿಲ್ಲ.

ಮನೆಯ ಕಂಪ್ಯೂಟರಿನಲ್ಲಿ ಇದು ಸಾಧ್ಯವೇ ಎಂಬ ಸಂದೇಹ ಬೇಡ. 2010ರಲ್ಲಿ ಅರೆಸಿಬೊ ದೂರದರ್ಶಕದ ದತ್ತಾಂಶದಲ್ಲಿ ಪಿಎಸ್‌ಆರ್ ಜೆ2007+2722 ಎಂಬ, 24.5 ಮಿಲಿಸೆಕೆಂಡ್ ಅವಧಿಯ ಒಂಟಿ ಪಲ್ಸಾರ್ ಪತ್ತೆಯಾದದ್ದು ಐನ್‌ಸ್ಟೈನ್ ಅಟ್ ಹೋಮ್ ಯೋಜನೆಗೆ ಸ್ವಯಂಸೇವಕರು ಬಿಟ್ಟುಕೊಟ್ಟಿದ್ದ ಕಂಪ್ಯೂಟರುಗಳಲ್ಲಿ.

ಏನೇನು ಬೇಕು

ದತ್ತಾಂಶ: ಕಲಿಕೆಗೆ ಆಸ್ಟ್ರೇಲಿಯಾದ ಪಾರ್ಕ್ಸ್ ಬಹುಕಿರಣ ಸಮೀಕ್ಷೆಗಿಂತ ಒಳ್ಳೆಯದು ನನಗೆ ತಿಳಿದಿಲ್ಲ. 64 ಮೀಟರ್ ತಟ್ಟೆಯ ಮೇಲೆ ಕೂರಿಸಿದ 13 ಗ್ರಾಹಕಗಳಿಂದ 1997ರಲ್ಲಿ ಆರಂಭವಾದ ಈ ಸಮೀಕ್ಷೆ ಎಂಟುನೂರಕ್ಕೂ ಹೆಚ್ಚು ಪಲ್ಸಾರ್‌ಗಳನ್ನು ಕೊಟ್ಟಿದೆ, ಅದರ ದತ್ತಾಂಶ ಅಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ಸಂಗ್ರಹದಲ್ಲಿ ಎಲ್ಲರಿಗೂ ಲಭ್ಯ. ಪ್ರತಿ ವೀಕ್ಷಣೆ 35 ನಿಮಿಷದ್ದು, 288 ಮೆಗಾಹರ್ಟ್ಸ್ ಪಟ್ಟಿಯನ್ನು 96 ಕಾಲುವೆಗಳಾಗಿ ಒಡೆದು 250 ಮೈಕ್ರೊಸೆಕೆಂಡಿಗೊಮ್ಮೆ ಒಂದೊಂದು ಬಿಟ್ ಬರೆದಿರುವುದರಿಂದ ಒಂದು ಕಿರಣದ, ಅಂದರೆ ಒಂದು ಗ್ರಾಹಕ ನೋಡುವ ಆಕಾಶದ ತುಣುಕಿನ, ಕಡತ ಸುಮಾರು 100 ಮೆಗಾಬೈಟ್ ಮಾತ್ರ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಹೀಗೆ ಆವೃತ್ತಿವಾರು ಕಾಲುವೆಗಳಾಗಿ ಒಡೆದು ಬರೆದ ಕಡತವನ್ನು ಫಿಲ್ಟರ್‌ಬ್ಯಾಂಕ್ ಎನ್ನುತ್ತಾರೆ.

ತಂತ್ರಾಂಶ: ಹುಡುಕಾಟಕ್ಕೆ ಪ್ರೆಸ್ಟೊ, ಕಾಲಮಾಪನಕ್ಕೆ, ಅಂದರೆ ಮಿಡಿತಗಳು ಬರುವ ಹೊತ್ತಿನ ಲೆಕ್ಕಕ್ಕೆ, ಟೆಂಪೊ2 ಅಥವಾ ಪಿಂಟ್. ಎಲ್ಲವೂ ಉಚಿತ, ಲಿನಕ್ಸ್‌ನಲ್ಲಿ ನಡೆಯುತ್ತವೆ.

ದೂರದರ್ಶಕದ ಸಮಯ: ಹಳೆಯ ದತ್ತಾಂಶದಲ್ಲಿ ಹೊಸ ಪಲ್ಸಾರ್ ಸಿಕ್ಕರೂ ಅದನ್ನು ದೃಢಪಡಿಸಲು ಹೊಸ ವೀಕ್ಷಣೆ ಬೇಕೇ ಬೇಕು. ನಮ್ಮವರಿಗೆ ಹತ್ತಿರದ ದಾರಿ ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ. 45 ಮೀಟರ್ ವ್ಯಾಸದ 30 ತಟ್ಟೆಗಳ ಈ ದೂರದರ್ಶಕ ಸ್ವತಃ ಪಲ್ಸಾರ್ ಸಮೀಕ್ಷೆಗಳನ್ನು ನಡೆಸಿದೆ, ಪ್ರಸ್ತಾವ ಸಲ್ಲಿಸಿದವರಿಗೆ ಅರ್ಹತೆಯ ಮೇಲೆ ಸಮಯ ಕೊಡುತ್ತದೆ. ಅನುಭವಿ ಸಂಶೋಧಕರೊಬ್ಬರನ್ನು ಜೊತೆಗೆ ಸೇರಿಸಿಕೊಂಡೇ ಪ್ರಸ್ತಾವ ಬರೆಯಿರಿ.

ಹಂತ 1: ಮನುಷ್ಯರ ಗದ್ದಲವನ್ನು ಬೇರ್ಪಡಿಸಿ

ರೇಡಾರ್, ಮೊಬೈಲ್ ಗೋಪುರ, ಉಪಗ್ರಹ, ವಿದ್ಯುತ್ ತಂತಿ ಎಲ್ಲವೂ ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತವೆ. ಪ್ರೆಸ್ಟೊದ ಆರ್‌ಎಫ್‌ಐಫೈಂಡ್ ಕಡತವನ್ನು ಕಾಲ ಮತ್ತು ಆವೃತ್ತಿಯ ಸಣ್ಣ ಚೌಕಗಳಾಗಿ ನೋಡಿ, ಕೆಟ್ಟ ಚೌಕಗಳಿಗೆ ಮುಸುಕು ಹಾಕುತ್ತದೆ. ಒಂದೆರಡು ಸೆಕೆಂಡಿನ ತುಂಡುಗಳಿಂದ ಆರಂಭಿಸಿ, ಚಿತ್ರವನ್ನು ಕಣ್ಣಾರೆ ನೋಡಿ. ದತ್ತಾಂಶದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮುಸುಕಿನಡಿ ಹೋಗಿದ್ದರೆ ನಿಮ್ಮ ಮಿತಿ ತೀರಾ ಬಿಗಿಯಾಗಿದೆ ಎಂದೋ ಆ ದಿನದ ವೀಕ್ಷಣೆಯೇ ಹಾಳೆಂದೋ ತಿಳಿಯಿರಿ. ಪ್ರಬಲವಾದ, ನಿಧಾನವಾದ ಪಲ್ಸಾರ್‌ನ ಒಂಟೊಂಟಿ ಮಿಡಿತಗಳನ್ನೇ ಗದ್ದಲವೆಂದು ಮುಸುಕು ಹಾಕಿದ ಉದಾಹರಣೆಗಳೂ ಇವೆ, ಆದ್ದರಿಂದ ಮೊದಲು ತಿಳಿದಿರುವ ಪಲ್ಸಾರ್ ಇರುವ ಕಡತವೊಂದರ ಮೇಲೆ ಇಡೀ ಕ್ರಮವನ್ನು ನಡೆಸಿ, ಅದು ಹೊರಬರುತ್ತದೆಯೇ ನೋಡಿಕೊಳ್ಳಿ.

ಹಂತ 2: ಡಿಎಂ ಊಹಿಸಿ, ತಡವನ್ನು ತಿದ್ದಿ

ನಕ್ಷತ್ರಗಳ ನಡುವಿನ ಅವಕಾಶದಲ್ಲಿ ಚದುರಿದ ಎಲೆಕ್ಟ್ರಾನ್‌ಗಳು ಕಡಿಮೆ ಆವೃತ್ತಿಯ ಅಲೆಗಳನ್ನು ಹೆಚ್ಚು ತಡವಾಗಿಸುತ್ತವೆ. ನಮಗೂ ಪಲ್ಸಾರ್‌ಗೂ ನಡುವಿನ ಎಲೆಕ್ಟ್ರಾನ್‌ಗಳ ಒಟ್ಟು ಮೊತ್ತವನ್ನು ಡಿಸ್ಪರ್ಷನ್ ಮೆಷರ್, ಚಿಕ್ಕದಾಗಿ ಡಿಎಂ, ಎನ್ನುತ್ತಾರೆ. 1 ಗಿಗಾಹರ್ಟ್ಸ್‌ನಲ್ಲಿ ಪ್ರತಿ ಡಿಎಂ ಘಟಕಕ್ಕೆ ತಡ 4.15 ಮಿಲಿಸೆಕೆಂಡ್, ಆವೃತ್ತಿ ಅರ್ಧವಾದರೆ ತಡ ನಾಲ್ಕು ಪಟ್ಟು. ಹೊಸ ಪಲ್ಸಾರ್‌ನ ಡಿಎಂ ಎಷ್ಟೆಂದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ನೂರಾರು, ಕೆಲವೊಮ್ಮೆ ಸಾವಿರಾರು ಊಹೆಗಳನ್ನು ಒಂದೊಂದಾಗಿ ಪ್ರಯತ್ನಿಸಬೇಕು.

ಊಹೆಗಳ ನಡುವಿನ ಅಂತರ ಎಷ್ಟಿರಬೇಕು ಎಂಬಲ್ಲಿ ಹೊಸಬರು ಎಡವುತ್ತಾರೆ. ಪಾರ್ಕ್ಸ್ ಸಮೀಕ್ಷೆಯ 1230ರಿಂದ 1518 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಡಿಎಂ 1 ಘಟಕ ತಪ್ಪಿದರೆ ಮಿಡಿತ ಸುಮಾರು 0.94 ಮಿಲಿಸೆಕೆಂಡ್ ಹರಡುತ್ತದೆ. ಅದೇ ತಪ್ಪಿಗೆ ಜಿಎಂಆರ್‌ಟಿಯ 300ರಿಂದ 500 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಿಡಿತ 29.5 ಮಿಲಿಸೆಕೆಂಡ್ ಹರಡುತ್ತದೆ. ಒಂದು ದೂರದರ್ಶಕಕ್ಕೆ ಬರೆದ ಯೋಜನೆಯನ್ನು ಇನ್ನೊಂದಕ್ಕೆ ಹಾಗೆಯೇ ನಕಲು ಮಾಡಿದರೆ ಪಲ್ಸಾರ್ ಎರಡು ಊಹೆಗಳ ನಡುವೆ ಕಳೆದುಹೋಗುತ್ತದೆ. ಪ್ರೆಸ್ಟೊದ ಡಿಡಿಪ್ಲಾನ್‌ಗೆ ನಿಮ್ಮ ಆವೃತ್ತಿ ಪಟ್ಟಿ, ಕಾಲುವೆಗಳ ಸಂಖ್ಯೆ, ಎಷ್ಟು ಹೊತ್ತಿಗೊಮ್ಮೆ ದಾಖಲಿಸಿದೆ ಎಂಬುದನ್ನು ಕೊಟ್ಟರೆ ತಕ್ಕ ಅಂತರಗಳನ್ನು ಅದೇ ಲೆಕ್ಕಹಾಕಿ ಕೊಡುತ್ತದೆ, ಅವನ್ನು ತಡ ತಿದ್ದುವ ಪ್ರೆಪ್‌ಸಬ್‌ಬ್ಯಾಂಡ್‌ಗೆ ಹಾಕಿ. ಒಂದು ಕಾಲುವೆಯೊಳಗೇ ಆಗುವ ಹರಡುವಿಕೆಯನ್ನು ಮಾತ್ರ ಫಿಲ್ಟರ್‌ಬ್ಯಾಂಕ್ ಕಡತದಲ್ಲಿ ಯಾವ ರೀತಿಯಿಂದಲೂ ತಿದ್ದಲಾಗದು. ಪಾರ್ಕ್ಸ್ ಸಮೀಕ್ಷೆಯಲ್ಲಿ ಡಿಎಂ 100ಕ್ಕೆ ಅದು ಸುಮಾರು 1 ಮಿಲಿಸೆಕೆಂಡ್, ಹಾಗಾಗಿ ದೂರದ ಮಿಲಿಸೆಕೆಂಡ್ ಪಲ್ಸಾರ್‌ಗಳನ್ನು ಈ ದತ್ತಾಂಶದಿಂದ ನಿರೀಕ್ಷಿಸಬೇಡಿ.

ಹಂತ 3: ಆವರ್ತನೆಯನ್ನು ಹುಡುಕಿ

ತಡ ತಿದ್ದಿದ ಪ್ರತಿ ಕಾಲಸರಣಿಗೂ ಫೋರಿಯರ್ ರೂಪಾಂತರ ಮಾಡಿ, ಯಾವ ಆವೃತ್ತಿಯಲ್ಲಿ ಶಕ್ತಿ ಎದ್ದು ನಿಂತಿದೆ ಎಂದು ನೋಡಬೇಕು. ಪಲ್ಸಾರ್‌ನ ಮಿಡಿತ ಕಿರಿದಾಗಿರುವುದರಿಂದ ಶಕ್ತಿ ಮೂಲ ಆವೃತ್ತಿಯಲ್ಲಷ್ಟೇ ಇರದೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಆವೃತ್ತಿಗಳಲ್ಲೂ ಹಂಚಿಹೋಗಿರುತ್ತದೆ. ಈ ಪಟ್ಟುಗಳನ್ನು ಹಾರ್ಮೋನಿಕ್ ಎನ್ನುತ್ತಾರೆ. ಪ್ರೆಸ್ಟೊದ ಆಕ್ಸೆಲ್‌ಸರ್ಚ್‌ನಲ್ಲಿ 16 ಹಾರ್ಮೋನಿಕ್‌ಗಳವರೆಗೆ ಕೂಡಿಸಿ. ಒಂಟಿ ಪಲ್ಸಾರ್ ಹುಡುಕುವವರು ವೇಗೋತ್ಕರ್ಷದ ಮಿತಿಯನ್ನು ಸೊನ್ನೆಗೆ ಇಟ್ಟರೆ ಕೆಲಸ ಬಹಳ ಬೇಗ ಮುಗಿಯುತ್ತದೆ.

ಕೋಟಿಗಟ್ಟಲೆ ಊಹೆಗಳನ್ನು ಪರೀಕ್ಷಿಸುವಾಗ ಬರಿಯ ಗದ್ದಲವೇ ಆಗಾಗ 5 ಅಥವಾ 6 ಸಿಗ್ಮಾ, ಅಂದರೆ ತನ್ನ ಸಾಮಾನ್ಯ ಏರಿಳಿತದ 5 ಅಥವಾ 6 ಪಟ್ಟು, ಎತ್ತರಕ್ಕೆ ನೆಗೆಯುತ್ತದೆ, ಅದನ್ನು ನಂಬಬೇಡಿ. ಸಂಕೇತ ಮತ್ತು ಗದ್ದಲದ ಅನುಪಾತ 8ರ ಆಸುಪಾಸಿನಲ್ಲಿದ್ದರೆ ಮುಂದಿನ ಹಂತಕ್ಕೆ ಒಯ್ಯಿರಿ. ಹಲವು ಸೆಕೆಂಡ್ ಅವಧಿಯ ನಿಧಾನ ಪಲ್ಸಾರ್‌ಗಳು ಫೋರಿಯರ್ ವಿಧಾನದಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ, ಏಕೆಂದರೆ ಗ್ರಾಹಕದ ನಿಧಾನ ಏರಿಳಿತಗಳ ಶಕ್ತಿಯೂ ಅದೇ ಕಡಿಮೆ ಆವೃತ್ತಿಗಳಲ್ಲಿ ಕೂತಿರುತ್ತದೆ. ಅವುಗಳಿಗೆ ಕಾಲಸರಣಿಯನ್ನು ನೇರವಾಗಿ ಮಡಚಿ ನೋಡುವ ಫಾಸ್ಟ್ ಫೋಲ್ಡಿಂಗ್ ವಿಧಾನ ಬಳಸಿ. ಜೊತೆಗೆ ಬಿಡಿ ಮಿಡಿತಗಳ ಹುಡುಕಾಟವನ್ನೂ ತಪ್ಪದೆ ನಡೆಸಿ. ಅಪರೂಪಕ್ಕೊಮ್ಮೆ ಮಿಡಿಯುವ ರ್‍ಯಾಟ್ ಎಂಬ ಬಗೆಯ 11 ಆಕರಗಳು ಇದೇ ಪಾರ್ಕ್ಸ್ ದತ್ತಾಂಶದಲ್ಲಿ ಆವರ್ತನೆಯ ಹುಡುಕಾಟಕ್ಕೆ ಕಾಣದೆ ಉಳಿದಿದ್ದವು, 2006ರಲ್ಲಿ ಪ್ರಕಟವಾದ ಬಿಡಿ ಮಿಡಿತಗಳ ವಿಶ್ಲೇಷಣೆಯಲ್ಲಿ ಬೆಳಕಿಗೆ ಬಂದವು.

ಹಂತ 4: ಮಡಚಿ, ಚಿತ್ರವನ್ನು ಓದಿ

ಕ್ಯಾಂಡಿಡೇಟ್‌ನ, ಅಂದರೆ ಪಲ್ಸಾರ್ ಇರಬಹುದೆಂದು ಶಂಕಿಸಿದ ಸಂಕೇತದ, ಅವಧಿಗೆ ತಕ್ಕಂತೆ ಮೂಲ ದತ್ತಾಂಶವನ್ನು ತುಂಡರಿಸಿ ಒಂದರ ಮೇಲೊಂದು ಕೂಡಿಸುವುದಕ್ಕೆ ಫೋಲ್ಡಿಂಗ್ ಎನ್ನುತ್ತಾರೆ. ಪ್ರೆಪ್‌ಫೋಲ್ಡ್ ಕೊಡುವ ಒಂದೇ ಪುಟದ ಚಿತ್ರವನ್ನು ಓದಲು ಕಲಿತರೆ ಅರ್ಧ ವಿದ್ಯೆ ಕೈವಶವಾದಂತೆ. ಎಡಭಾಗದಲ್ಲಿ ಕಾಲ ಮೇಲಕ್ಕೆ ಹೋದಂತೆ ಮಿಡಿತದ ಕಪ್ಪು ಗೆರೆ ನೆಟ್ಟಗೆ, ವೀಕ್ಷಣೆಯ ಆರಂಭದಿಂದ ಕೊನೆಯವರೆಗೂ ಇರಬೇಕು. ನಡುವೆ ಆವೃತ್ತಿಯ ಚಿತ್ರದಲ್ಲಿ ಅದೇ ಗೆರೆ ಪಟ್ಟಿಯ ಬಹುಪಾಲು ಅಗಲಕ್ಕೂ ಹಬ್ಬಿರಬೇಕು. ಅದರ ಕೆಳಗಿನ ಡಿಎಂ ವಕ್ರರೇಖೆ ಸೊನ್ನೆಯಿಂದ ದೂರದ ಒಂದು ಬೆಲೆಯಲ್ಲಿ ಶಿಖರ ಮುಟ್ಟಿ ಎರಡೂ ಬದಿಗೆ ಇಳಿಯಬೇಕು.

ಶಿಖರ ಸೊನ್ನೆಯಲ್ಲೇ ಇದ್ದರೆ ಆ ಸಂಕೇತ ಭೂಮಿಯದು. ಅವಧಿ 20 ಅಥವಾ 10 ಮಿಲಿಸೆಕೆಂಡ್‌ಗೆ ತೀರಾ ಹತ್ತಿರವಿದ್ದರೆ 50 ಹರ್ಟ್ಸ್ ವಿದ್ಯುತ್ತಿನ ಮೇಲೆ ಸಂಶಯಪಡಿ, ಭಾರತ ಮತ್ತು ಆಸ್ಟ್ರೇಲಿಯಾ ಎರಡೂ ಕಡೆ ಇದೇ ಪೀಡೆ. ಆದರೆ ಗೆರೆ ಕೆಲವು ನಿಮಿಷ ಮಸುಕಾಗಿ ಮತ್ತೆ ಗಾಢವಾದರೆ, ಅಥವಾ ಪಟ್ಟಿಯ ಒಂದು ಭಾಗದಲ್ಲಷ್ಟೇ ಹೊಳೆದರೆ, ಆತುರದಿಂದ ತಳ್ಳಿಹಾಕಬೇಡಿ. ನಡುವಿನ ಅನಿಲದಿಂದಾಗುವ ಮಿನುಗು ನಿಜವಾದ ಪಲ್ಸಾರ್‌ಗೂ ಹೀಗೆ ಮಾಡುತ್ತದೆ. ಯಂತ್ರಕಲಿಕೆಯ ವಿಂಗಡಣಾ ತಂತ್ರಾಂಶಗಳಿಗೆ ಈ ಕೆಲಸ ವಹಿಸುವ ಮುನ್ನ ಒಂದಷ್ಟು ಸಾವಿರ ಚಿತ್ರಗಳನ್ನು ನೀವೇ ನೋಡಿರಬೇಕು.

ಹಂತ 5: ಹಳೆಯದೋ ಹೊಸದೋ ತಿಳಿದು, ದೃಢಪಡಿಸಿ

ತಿಳಿದಿರುವ ಪಲ್ಸಾರ್‌ಗಳನ್ನು ದಾಖಲಿಸಿರುವ ಎಟಿಎನ್‌ಎಫ್ ಪಟ್ಟಿಯಲ್ಲಿ ಆ ದಿಕ್ಕಿನ ಸುತ್ತಲೂ ಹುಡುಕಿ. ಅವಧಿ ಹೊಂದದಿದ್ದರೂ ಡಿಎಂ ಹೊಂದುತ್ತಿದ್ದರೆ, ನಿಮ್ಮ ಅವಧಿ ಹಳೆಯ ಪಲ್ಸಾರ್‌ನ ಅವಧಿಯ ಅರ್ಧ, ಮೂರನೆಯ ಒಂದು, ಮೂರನೆಯ ಎರಡು ಇತ್ಯಾದಿ ಆಗಿರಬಹುದೇ ಎಂದು ಭಾಗಿಸಿ ನೋಡಿ. ಪ್ರಬಲ ಪಲ್ಸಾರ್‌ಗಳು ಕಿರಣದ ಹೊರಗಿದ್ದರೂ ಒಳನುಸುಳುತ್ತವೆ. ಇದನ್ನು ದಾಟಿದ ಮೇಲೆ ಅದೇ ದಿಕ್ಕನ್ನು ಇನ್ನೊಮ್ಮೆ ವೀಕ್ಷಿಸಬೇಕು. ಅದೇ ಡಿಎಂನಲ್ಲಿ, ಭೂಮಿಯ ಚಲನೆಯನ್ನು ತಿದ್ದಿದ ಅದೇ ಅವಧಿಯಲ್ಲಿ ಸಂಕೇತ ಮರಳಿ ಕಂಡರೆ ಅದು ಪಲ್ಸಾರ್. ಒಂದು ಸಲ ಕಾಣದಿದ್ದರೆ ಕೈಬಿಡಬೇಡಿ, ಮಿನುಗಿನಿಂದ ಮಸುಕಾಗಿರಬಹುದು, ಇಲ್ಲವೇ ಪಲ್ಸಾರೇ ಕೆಲ ಹೊತ್ತು ಮೌನವಾಗಿರಬಹುದು.

ಹಂತ 6: ಅವಧಿ ನಿಜವೇ ಎಂದು ಪರೀಕ್ಷಿಸಿ

ಪಿಎಸ್‌ಆರ್ ಜೆ2144–3933 ಪಾರ್ಕ್ಸ್‌ನ ಹಿಂದಿನ ಸಮೀಕ್ಷೆಯೊಂದರಲ್ಲಿ ಸಿಕ್ಕಾಗ ಅದರ ಅವಧಿ 2.84 ಸೆಕೆಂಡ್ ಎಂದು ಪ್ರಕಟವಾಗಿತ್ತು. ನಿಜವಾದ ಅವಧಿ ಅದರ ಮೂರು ಪಟ್ಟು, 8.51 ಸೆಕೆಂಡ್, ಎಂದು 1999ರಲ್ಲಿ ತಿಳಿಯಿತು. ಆ ಕಾಲಕ್ಕೆ ಅದು ಗೊತ್ತಿದ್ದ ರೇಡಿಯೊ ಪಲ್ಸಾರ್‌ಗಳಲ್ಲೇ ಅತಿ ನಿಧಾನವಾದದ್ದು. ಅವಧಿಯ ಮೂರನೆಯ ಒಂದು ಭಾಗಕ್ಕೆ ಮಡಚಿದರೂ ಮಿಡಿತಗಳೆಲ್ಲ ಒಂದೇ ಜಾಗದಲ್ಲಿ ಬಂದು ಬೀಳುತ್ತವೆ, ಮೂರರಲ್ಲಿ ಎರಡು ಸುತ್ತು ಖಾಲಿಯಾಗಿರುವುದು ಕೂಡಿಸಿದ ಚಿತ್ರದಲ್ಲಿ ತೋರುವುದಿಲ್ಲ. ಆದ್ದರಿಂದ ಪ್ರತಿ ಹೊಸ ಪಲ್ಸಾರನ್ನೂ ಅವಧಿಯ ಎರಡು ಮತ್ತು ಮೂರು ಪಟ್ಟಿಗೆ ಮಡಚಿ ನೋಡಿ. ಸಮಾನ ಅಂತರದಲ್ಲಿ ಒಂದೇ ತೆರನಾದ ಎರಡು ಅಥವಾ ಮೂರು ಶಿಖರಗಳು ಕಂಡರೆ ಮೊದಲಿನ ಅವಧಿಯೇ ಸರಿ. ಒಂದೇ ಶಿಖರ ಉಳಿದರೆ, ಅಥವಾ ಶಿಖರಗಳ ಆಕಾರ ಬೇರೆ ಬೇರೆಯಿದ್ದರೆ, ದೊಡ್ಡ ಅವಧಿಯೇ ನಿಜ.

ಹಂತ 7: ಮಿಡಿತ ಬಂದ ಹೊತ್ತನ್ನು ಅಳೆಯಿರಿ

ಇಲ್ಲಿಂದ ಕಾಲಮಾಪನ ಆರಂಭ. ಪ್ರತಿ ವೀಕ್ಷಣೆಯ ಸರಾಸರಿ ಮಿಡಿತವನ್ನು ಗದ್ದಲವಿಲ್ಲದ ಒಂದು ಮಾದರಿ ಮಿಡಿತದ ಜೊತೆ ಹೋಲಿಸಿ, ಅದು ಬಂದ ಹೊತ್ತನ್ನು ನಿರ್ಧರಿಸಬೇಕು. ಇದನ್ನು ಆಗಮನ ಕಾಲ ಎನ್ನೋಣ. ಟೆಂಪೊ2 ಈ ಹೊತ್ತನ್ನು ಸೌರವ್ಯೂಹದ ದ್ರವ್ಯರಾಶಿ ಕೇಂದ್ರಕ್ಕೆ ಪರಿವರ್ತಿಸಿ, ನಿಮ್ಮ ಗಣಿತ ಮಾದರಿಯ (ಅವಧಿ, ನಿಧಾನವಾಗುವ ದರ, ಸ್ಥಾನ ಇತ್ಯಾದಿಗಳ ಲೆಕ್ಕದ) ಪ್ರಕಾರ ಮಿಡಿತ ಬರಬೇಕಿದ್ದ ಹೊತ್ತಿನಿಂದ ಎಷ್ಟು ಆಚೀಚೆಯಾಗಿದೆ ಎಂದು ತೋರಿಸುತ್ತದೆ. ಈ ವ್ಯತ್ಯಾಸಕ್ಕೆ ಉಳಿಕೆ ಎಂದು ಹೆಸರು.

ಮಾದರಿ ಮಿಡಿತವನ್ನು ಮಧ್ಯದಲ್ಲಿ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ವೀಕ್ಷಣೆಗಳನ್ನೂ ಹೊಸ ಮಾದರಿ ಮಿಡಿತದಿಂದ ಮರಳಿ ಅಳೆಯಿರಿ. ಎರಡು ದೂರದರ್ಶಕಗಳ, ಅಥವಾ ಒಂದೇ ದೂರದರ್ಶಕದ ಎರಡು ಗ್ರಾಹಕ ವ್ಯವಸ್ಥೆಗಳ, ಆಗಮನ ಕಾಲಗಳನ್ನು ಸೇರಿಸುವಾಗ ಅವುಗಳ ನಡುವಿನ ಸ್ಥಿರ ವ್ಯತ್ಯಾಸವನ್ನು ಪ್ರತ್ಯೇಕ ರಾಶಿಯಾಗಿ ಗಣಿತ ಮಾದರಿಯಲ್ಲಿ ಸೇರಿಸಬೇಕು. ಗಡಿಯಾರ, ಗ್ರಾಹಕಗಳ ಪರೀಕ್ಷೆಗಾಗಿ ಪ್ರತಿ ಸರದಿಯಲ್ಲೂ ಚೆನ್ನಾಗಿ ತಿಳಿದಿರುವ ಪ್ರಬಲ ಪಲ್ಸಾರ್ ಒಂದನ್ನು ಕೆಲವು ನಿಮಿಷ ವೀಕ್ಷಿಸಿ, ಉತ್ತರದ ಆಕಾಶಕ್ಕೆ ಬಿ0329+54 ಒಳ್ಳೆಯ ಆಯ್ಕೆ.

ಹಂತ 8: ಸುತ್ತು ತಪ್ಪದಂತೆ ಎಣಿಸಿ

ಇಡೀ ಕೆಲಸದ ತಿರುಳು ಇದು. ಸರಪಳಿ ಹಿಡಿದು ಹೊಲ ಅಳೆಯುವವರು ಕೊನೆಯ ತುಂಡನ್ನು ಅಂಗುಲದ ಲೆಕ್ಕಕ್ಕೆ ಅಳೆದರೂ ಎಷ್ಟು ಸರಪಳಿ ಹಾಕಿದೆವೆಂಬ ಎಣಿಕೆ ಒಂದು ತಪ್ಪಿದರೆ ಅಳತೆಯೆಲ್ಲ ಹಾಳು, ಇಲ್ಲಿಯೂ ಹಾಗೆಯೇ.

ಒಂದು ಕಾಲ್ಪನಿಕ ಪಲ್ಸಾರ್ ತೆಗೆದುಕೊಳ್ಳೋಣ. ಅವಧಿ 0.5 ಸೆಕೆಂಡ್, ಆಗಮನ ಕಾಲದ ಅನಿಶ್ಚಿತತೆ 1 ಮಿಲಿಸೆಕೆಂಡ್, ಮೊದಲ ವೀಕ್ಷಣೆ 10 ನಿಮಿಷದ್ದು. ಹತ್ತು ನಿಮಿಷದಲ್ಲಿ 1,200 ಸುತ್ತುಗಳಾಗುವುದರಿಂದ ಅವಧಿಯಲ್ಲಿ ಸುಮಾರು 1.2 ಮೈಕ್ರೊಸೆಕೆಂಡ್ ತಪ್ಪು ಉಳಿಯುತ್ತದೆ. ಒಂದು ದಿನಕ್ಕೆ 1,72,800 ಸುತ್ತುಗಳು. ಆ ಸಣ್ಣ ತಪ್ಪು ಮಾರನೆಯ ದಿನ 0.2 ಸೆಕೆಂಡ್ ಆಗಿ ಬೆಳೆದಿರುತ್ತದೆ, ಅಂದರೆ 0.4 ಸುತ್ತು. ನಡುವೆ ಎಷ್ಟು ಸುತ್ತು ಕಳೆದವು ಎಂದು ನಂಬಿಕೆಯಿಂದ ಹೇಳಲಾಗದು. ಅದೇ ದಿನ ನಾಲ್ಕು ಗಂಟೆ ಬಿಟ್ಟು ನೋಡಿದ್ದರೆ ತಪ್ಪು 34 ಮಿಲಿಸೆಕೆಂಡ್ ಮಾತ್ರ, ಎಣಿಕೆ ಸುಭದ್ರ. ಆ ಎರಡನ್ನು ಜೋಡಿಸಿದಾಗ ಅವಧಿ ಎಷ್ಟು ಖಚಿತವಾಗುತ್ತದೆಂದರೆ ಮಾರನೆಯ ದಿನಕ್ಕೆ ತಪ್ಪು 8 ಮಿಲಿಸೆಕೆಂಡಿಗೆ ಇಳಿಯುತ್ತದೆ.

ಆದ್ದರಿಂದ ವೀಕ್ಷಣೆಗಳ ಅಂತರವನ್ನು ಕ್ರಮೇಣ ಹಿಗ್ಗಿಸಿ: ಅದೇ ದಿನ ಕೆಲವು ಗಂಟೆಗಳ ಬಳಿಕ, ಮಾರನೆಯ ದಿನ, ಮೂರನೆಯ ಅಥವಾ ನಾಲ್ಕನೆಯ ದಿನ, ವಾರದ ಬಳಿಕ, ಹದಿನೈದು ದಿನಕ್ಕೆ, ನಂತರ ತಿಂಗಳಿಗೊಮ್ಮೆ. ತಿಂಗಳಿಗೊಂದು ವೀಕ್ಷಣೆಯನ್ನಷ್ಟೇ ಕೇಳಿ ಪ್ರಸ್ತಾವ ಬರೆಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಸಿಕ್ಕಿದ ಹನ್ನೆರಡು ಬಿಂದುಗಳನ್ನು ಹತ್ತಾರು ಬೇರೆ ಬೇರೆ ಎಣಿಕೆಗಳಿಂದಲೂ ಜೋಡಿಸಬಹುದು, ಯಾವುದು ನಿಜವೆಂದು ತಿಳಿಯುವುದಿಲ್ಲ. ಪ್ರತಿ ಹೊಸ ಬಿಂದುವನ್ನು ಸೇರಿಸುವ ಮುನ್ನ ಮಾದರಿ ಅದನ್ನು ಎಲ್ಲಿ ನಿರೀಕ್ಷಿಸುತ್ತದೆ, ಎಷ್ಟು ಅನಿಶ್ಚಿತತೆಯೊಂದಿಗೆ, ಎಂದು ನೋಡಿ. ಅನಿಶ್ಚಿತತೆ ಸುತ್ತಿನ ಕಾಲು ಭಾಗ ದಾಟಿದ್ದರೆ ಮುಂದುವರಿಯದೆ ನಡುವೆ ಇನ್ನೊಂದು ವೀಕ್ಷಣೆ ಕೇಳಿ.

ಹಂತ 9: ಸ್ಥಾನವನ್ನೂ ನಿಧಾನವಾಗುವ ದರವನ್ನೂ ಬೇರ್ಪಡಿಸಿ

ಸೂರ್ಯನಿಂದ ಭೂಮಿಗೆ ಬೆಳಕು ಬರಲು 499 ಸೆಕೆಂಡ್ ಬೇಕು. ಪಲ್ಸಾರ್‌ನ ಸ್ಥಾನ ತಪ್ಪಿದ್ದರೆ ಭೂಮಿಯ ಕಕ್ಷಾ ಚಲನೆಯ ತಿದ್ದುಪಡಿಯೂ ತಪ್ಪುತ್ತದೆ, ಉಳಿಕೆಗಳಲ್ಲಿ ವರ್ಷಕ್ಕೊಮ್ಮೆ ಏರಿಳಿಯುವ ಅಲೆ ಮೂಡುತ್ತದೆ. ಒಂದು ಕಲೆ, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ, ತಪ್ಪಿದರೆ ಅಲೆಯ ಎತ್ತರ 145 ಮಿಲಿಸೆಕೆಂಡ್‌ವರೆಗೂ ಹೋಗಬಹುದು. ಪಾರ್ಕ್ಸ್‌ನ ಒಂದು ಕಿರಣದ ಅಗಲವೇ ಸುಮಾರು 14 ಕಲೆ. 10 ಕಲೆ ತಪ್ಪಿರುವ ಸ್ಥಾನದಿಂದಾಗಿ ಒಂದು ತಿಂಗಳಲ್ಲೇ ಮಿಡಿತ 0.19 ಸೆಕೆಂಡ್‌ವರೆಗೆ ಆಚೀಚೆಯಾಗಬಲ್ಲದು, ಅಷ್ಟಾದರೆ ಎಣಿಕೆಯೇ ಮುರಿಯುತ್ತದೆ. ಆದ್ದರಿಂದ ಮೊದಲೇ ಸುತ್ತಲಿನ ನಾಲ್ಕಾರು ದಿಕ್ಕುಗಳಿಗೆ ದೂರದರ್ಶಕ ತಿರುಗಿಸಿ, ಎಲ್ಲಿ ಮಿಡಿತ ಪ್ರಬಲವೋ ಅಲ್ಲಿಗೆ ಸ್ಥಾನವನ್ನು ತಿದ್ದಿಕೊಳ್ಳಿ. ಜಿಎಂಆರ್‌ಟಿಯಲ್ಲಿ ತಟ್ಟೆಗಳ ಜೋಡಣೆಯಿಂದ ಆಕಾಶದ ಚಿತ್ರವನ್ನೂ ತೆಗೆಯಬಹುದಾದ್ದರಿಂದ ಕೆಲವೊಮ್ಮೆ ಕೆಲವೇ ವಿಕಲೆಗಳ (ವಿಕಲೆ ಎಂದರೆ ಕಲೆಯ ಅರವತ್ತನೆಯ ಒಂದು ಭಾಗ) ನಿಖರತೆ ಒಂದೇ ವೀಕ್ಷಣೆಯಲ್ಲಿ ದೊರೆಯುತ್ತದೆ. ಈ ಅನುಕೂಲವನ್ನು ಬಿಡಬೇಡಿ.

ಮೊದಲ ಕೆಲವು ತಿಂಗಳು ಸ್ಥಾನದ ತಪ್ಪು ಮತ್ತು ನಿಧಾನವಾಗುವ ದರ ಒಂದರ ವೇಷವನ್ನು ಇನ್ನೊಂದು ಹಾಕುತ್ತವೆ. ಮೇಲಿನ 0.5 ಸೆಕೆಂಡಿನ ಪಲ್ಸಾರ್‌ನ ನಿಜವಾದ ದರ, ಅಂದರೆ ಅವಧಿ ಹೆಚ್ಚುವ ದರ, ಸೆಕೆಂಡಿಗೆ 10ರ ಋಣ 15ನೇ ಘಾತ ಸೆಕೆಂಡ್ ಎಂದಿಟ್ಟುಕೊಳ್ಳಿ. ಸ್ಥಾನ ಒಂದೇ ಒಂದು ಕಲೆ ತಪ್ಪಿದ್ದರೆ ಅದರಿಂದ ಹುಟ್ಟುವ ಸುಳ್ಳು ದರ ಇದರ ಸುಮಾರು ಮೂರು ಪಟ್ಟು ಆಗಬಹುದು, ಪಲ್ಸಾರ್ ವೇಗ ಹೆಚ್ಚಿಸಿಕೊಳ್ಳುತ್ತಿದೆ ಎಂಬ ಭ್ರಮೆಯನ್ನೂ ಹುಟ್ಟಿಸಬಹುದು. ಮೂರು ತಿಂಗಳ ದತ್ತಾಂಶದಿಂದ ವಯಸ್ಸು ಪ್ರಕಟಿಸುವವರು ಇದನ್ನು ನೆನಪಿಡಬೇಕು. ವರ್ಷ ತುಂಬಿದಾಗ ಅಲೆ ಪೂರ್ತಿ ಒಂದು ಸುತ್ತು ಮುಗಿಸುತ್ತದೆ, ಆಗಷ್ಟೇ ಎರಡೂ ಬೇರೆಯಾಗುತ್ತವೆ. ಕ್ರಾಂತಿವೃತ್ತಕ್ಕೆ, ಅಂದರೆ ಆಕಾಶದಲ್ಲಿ ಸೂರ್ಯನ ಪಥಕ್ಕೆ, ತೀರಾ ಹತ್ತಿರವಿರುವ ಪಲ್ಸಾರ್‌ಗಳಲ್ಲಿ ಆ ಪಥಕ್ಕೆ ಲಂಬವಾದ ದಿಕ್ಕಿನ ಸ್ಥಾನ ಕಾಲಮಾಪನದಿಂದ ಚೆನ್ನಾಗಿ ಸಿಗುವುದೇ ಇಲ್ಲ, ಅಲ್ಲಿ ಚಿತ್ರದಿಂದ ಬಂದ ಸ್ಥಾನವನ್ನೇ ಬಳಸಿ.

ಉಳಿಕೆಗಳ ಆಕಾರದಿಂದಲೇ ತಪ್ಪಿನ ಮೂಲ ತಿಳಿಯುತ್ತದೆ. ನೇರ ಇಳಿಜಾರು ಕಂಡರೆ ಅವಧಿ ತಪ್ಪು, ಬಿಲ್ಲಿನಂತೆ ಬಾಗಿದ್ದರೆ ದರ ತಪ್ಪು, ವಾರ್ಷಿಕ ಅಲೆ ಕಂಡರೆ ಸ್ಥಾನ ತಪ್ಪು. ವರ್ಷದ ಬದಲು ದಿನಗಳ ಅಥವಾ ವಾರಗಳ ಅಲೆ ಕಂಡರೆ ನಿಮ್ಮ ಪಲ್ಸಾರ್ ಒಂಟಿಯಲ್ಲ.

ಹಂತ 10: ಫಲಿತಾಂಶ ಪಡೆಯಿರಿ, ನಿಗಾ ಮುಂದುವರಿಸಿ

ವರ್ಷದ ಕೊನೆಗೆ ಆಕಾಶದಲ್ಲಿ ಸ್ಥಾನ ಹೇಳುವ ವಿಷುವದಂಶ (ರೈಟ್ ಅಸೆನ್ಷನ್) ಮತ್ತು ಘಂಟಾವೃತ್ತಾಂಶ (ಡಿಕ್ಲಿನೇಷನ್), ಜೊತೆಗೆ ಅವಧಿ, ದರ ಮತ್ತು ಡಿಎಂ ಕೈಯಲ್ಲಿರುತ್ತವೆ. ಅವಧಿಯನ್ನು ದರದ ಇಮ್ಮಡಿಯಿಂದ ಭಾಗಿಸಿದರೆ ಲಕ್ಷಣಾತ್ಮಕ ವಯಸ್ಸು ದೊರೆಯುತ್ತದೆ, ನಮ್ಮ ಉದಾಹರಣೆಯಲ್ಲಿ ಅದು ಸುಮಾರು 80 ಲಕ್ಷ ವರ್ಷ. ಇದು ಅಂದಾಜು ಮಾತ್ರ, ಹುಟ್ಟುವಾಗ ಪಲ್ಸಾರ್ ಬಹಳ ವೇಗವಾಗಿ ತಿರುಗುತ್ತಿತ್ತು ಎಂಬ ಊಹೆಯ ಮೇಲೆ ನಿಂತಿದೆ. ಕಾಂತಕ್ಷೇತ್ರ ಸುಮಾರು 70,000 ಕೋಟಿ ಗಾಸ್ ಆಗುತ್ತದೆ. ಪತ್ತೆಯಾದಾಗ ಘಂಟಾವೃತ್ತಾಂಶದ ಎರಡಂಕಿಯ ತಾತ್ಕಾಲಿಕ ಹೆಸರಿದ್ದ ಪಲ್ಸಾರ್‌ಗೆ ನಾಲ್ಕಂಕಿಯ ಪೂರ್ಣ ಹೆಸರು ಬರುವುದೂ ಈಗಲೇ.

ಆ ಮೇಲೂ ತಿಂಗಳಿಗೊಮ್ಮೆಯಾದರೂ ನೋಡುತ್ತಿರಿ. 1969ರಲ್ಲಿ ವೇಲಾ ಪಲ್ಸಾರ್ ಇದ್ದಕ್ಕಿದ್ದಂತೆ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ವೇಗ ಹೆಚ್ಚಿಸಿಕೊಂಡದ್ದನ್ನು ಪಾರ್ಕ್ಸ್‌ನಲ್ಲಿ ಗುರುತಿಸಿದ ಇಬ್ಬರಲ್ಲಿ ಒಬ್ಬರು ವಿ. ರಾಧಾಕೃಷ್ಣನ್, ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿದವರು. ಇಂತಹ ದಿಢೀರ್ ವೇಗವರ್ಧನೆಗೆ ಗ್ಲಿಚ್ ಎನ್ನುತ್ತಾರೆ. ಅದಾದ ದಿನದಿಂದ ಮಿಡಿತಗಳು ದಿನೇ ದಿನೇ ಹೆಚ್ಚು ಬೇಗ ಬರತೊಡಗಿ, ಉಳಿಕೆಗಳು ಅಲ್ಲಿಂದ ಕೆಳಮುಖವಾಗಿ ಜಾರುತ್ತವೆ. ಜಾರುವ ಬದಲು ಉಳಿಕೆಗಳು ಒಂದೇ ಮೆಟ್ಟಿಲು ಇಳಿದು ಅಲ್ಲಿಯೇ ಸಮತಟ್ಟಾಗಿ ಮುಂದುವರಿದರೆ ದೋಷ ಗಡಿಯಾರದ್ದೋ ಗ್ರಾಹಕದ್ದೋ ಆಗಿರುತ್ತದೆ. ಅದೇ ಸರದಿಯಲ್ಲಿ ವೀಕ್ಷಿಸಿದ ಪರೀಕ್ಷಾ ಪಲ್ಸಾರ್‌ನ ಉಳಿಕೆಯೂ ಅಷ್ಟೇ ಇಳಿದಿದೆಯೇ ಎಂದು ಮೊದಲು ನೋಡಿ, ನಂತರವೇ ಗ್ಲಿಚ್ ಎಂದು ವರದಿ ಮಾಡಿ.